ಗೋಕರ್ಣಕ್ಕೆ ಎರಡು ರಾತ್ರಿ: ಪ್ರವಾಸದ ಪರಿಸರ ಲೆಕ್ಕ ಹಾಕುವುದು ಹೇಗೆ?

ನಾಲ್ವರು ಗೆಳೆಯರು ಬೆಂಗಳೂರಿನಿಂದ ಕಾರಿನಲ್ಲಿ ಗೋಕರ್ಣಕ್ಕೆ ಹೋಗುತ್ತಾರೆ, ಎರಡು ರಾತ್ರಿ ತಂಗುತ್ತಾರೆ, ವಾಪಸು ಬರುತ್ತಾರೆ. ಈ ಪ್ರವಾಸದಿಂದ ಪರಿಸರದ ಮೇಲೆ ಬಿದ್ದ ಭಾರ ಎಷ್ಟು ಎಂದು ಕೇಳಿದರೆ ಹೆಚ್ಚಿನವರು ಓಂ ಬೀಚಿನ ಮರಳಲ್ಲಿ ಬಿದ್ದಿರುವ ನೀರಿನ ಬಾಟಲಿ ತೋರಿಸುತ್ತಾರೆ. ಬಾಟಲಿ ಅಲ್ಲಿ ಬೀಳಬಾರದಿತ್ತು, ನಿಜ. ಆದರೆ ದಾರಿಯುದ್ದಕ್ಕೂ ಉರಿದುಹೋದ ಪೆಟ್ರೋಲು, ತಂಗಿದ ಕೋಣೆ ಕಟ್ಟಲು ಸುರಿದ ಸಿಮೆಂಟು, ಎ.ಸಿ.ಯಿಂದ ಸೋರಿದ ಅನಿಲ, ಶೌಚದ ಗುಂಡಿಯಿಂದ ಪಕ್ಕದ ಬಾವಿಯ ಕಡೆಗೆ ಜಿನುಗಿದ ನೀರು ಯಾರ ಕಣ್ಣಿಗೂ ಬೀಳುವುದಿಲ್ಲ. ಕಂಡದ್ದನ್ನಷ್ಟೇ ಎಣಿಸುತ್ತ ಹೋದರೆ ಲೆಕ್ಕದ ದೊಡ್ಡ ಪಾಲು ಹೊರಗೇ ಉಳಿಯುತ್ತದೆ.

ಕಾಣದ ಪಾಲನ್ನೂ ಹಿಡಿಯಲು ಇರುವ ವಿಧಾನವೇ ಜೀವನಚಕ್ರ ಮೌಲ್ಯಮಾಪನ. ಒಂದು ವಸ್ತು ಅಥವಾ ಸೇವೆಗೆ ಬೇಕಾದ ಕಚ್ಚಾವಸ್ತು ನೆಲದಿಂದ ಹೊರಬಂದಾಗಿನಿಂದ ಹಿಡಿದು ಅದರ ಬಳಕೆ ಮುಗಿದು ಕಸವಾಗುವವರೆಗೆ ಎಲ್ಲ ಹಂತಗಳಲ್ಲೂ ಏನು ಒಳಗೆ ಹೋಯಿತು, ಏನು ಹೊರಗೆ ಬಂತು ಎಂದು ಬರೆದಿಡುವುದು ಅದರ ತಿರುಳು. ಇದಕ್ಕೆ ಐಎಸ್‌ಒ 14040 ಮತ್ತು 14044 ಎಂಬ ಅಂತರರಾಷ್ಟ್ರೀಯ ಮಾನದಂಡಗಳಿವೆ. ಅವು ಹೇಳುವ ಹಂತಗಳು ನಾಲ್ಕು: ಯಾವ ಪ್ರಶ್ನೆಗೆ ಉತ್ತರ ಬೇಕು, ಎಲ್ಲಿಂದ ಎಲ್ಲಿಯವರೆಗೆ ಎಣಿಸಬೇಕು ಎಂದು ನಿರ್ಧರಿಸುವುದು, ಅಂಕಿ ಕಲೆಹಾಕುವುದು, ಆ ಅಂಕಿಗಳಿಂದ ಗಾಳಿ, ನೀರು, ನೆಲದ ಮೇಲೆ ಏನು ಪರಿಣಾಮ ಎಂದು ಲೆಕ್ಕ ಹಾಕುವುದು, ಕೊನೆಗೆ ಬಂದ ಉತ್ತರವನ್ನು ತೂಗಿ ನೋಡುವುದು. ಕೈಗಾರಿಕೆಗಳು ಸಾಬೂನು, ಸಿಮೆಂಟು, ಹಾಲಿನ ಪ್ಯಾಕೆಟ್ಟಿಗೆ ಈ ಲೆಕ್ಕ ಹಾಕುತ್ತವೆ. ಪ್ರವಾಸಕ್ಕೂ ಹಾಕಬಹುದು, ಹಾಕಬೇಕು ಕೂಡ. 160 ದೇಶಗಳ ವ್ಯಾಪಾರದ ಸರಪಳಿಯನ್ನು ಜಾಲಾಡಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ 8ರಷ್ಟು ಪ್ರವಾಸೋದ್ಯಮದಿಂದ ಬರುತ್ತದೆ. ವಿಮಾನದ ಹೊಗೆಯ ಜೊತೆಗೆ ಪ್ರವಾಸಿ ತಿಂದದ್ದು, ಕೊಂಡದ್ದು, ತಂಗಿದ್ದು ಎಲ್ಲವನ್ನೂ ಸೇರಿಸಿದ್ದರಿಂದಲೇ ಆ ಅಂಕಿ ಹಿಂದಿನ ಅಂದಾಜುಗಳನ್ನು ಮೀರಿತು.

ಇಂಥ ಲೆಕ್ಕಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಒಂದು ಹಾಳೆ, ಕೂಡುವ ಕಳೆಯುವ ಲೆಕ್ಕ, ಒಂದಷ್ಟು ಅಂಕಿ ಇದ್ದರೆ ಮನೆಯಲ್ಲೇ ಕೂತು ತಕ್ಕಮಟ್ಟಿಗೆ ಹಾಕಬಹುದು. ಅದನ್ನು ಗೋಕರ್ಣದ ಈ ಪ್ರವಾಸವನ್ನೇ ಹಿಡಿದು ನೋಡೋಣ.

ಮೊದಲು ಪ್ರಶ್ನೆ, ಆಮೇಲೆ ಅಂಕಿ

ಎಲ್ಲಕ್ಕಿಂತ ಮೊದಲು ಯಾವುದಕ್ಕೆ ಎಷ್ಟು ಎಂದು ಅಳೆಯುತ್ತೇವೆ ಎಂಬುದು ತೀರ್ಮಾನವಾಗಬೇಕು. ಹೋಟೆಲುಗಳು ಸಾಮಾನ್ಯವಾಗಿ ಒಬ್ಬ ಅತಿಥಿಗೆ, ಒಂದು ರಾತ್ರಿಗೆ ಎಷ್ಟು ಎಂದು ಹೇಳುತ್ತವೆ. ಇದು ಅನುಕೂಲದ ಅಳತೆ. ಆದರೆ ಇದರಲ್ಲಿ ಎರಡು ಕಡೆ ಎಡವುವ ಸಾಧ್ಯತೆ ಇದೆ. ಒಂದು, ಪ್ರಯಾಣದ ಭಾರವನ್ನು ರಾತ್ರಿಗಳಿಗೆ ಹಂಚಿದಾಗ ಹೆಚ್ಚು ದಿನ ತಂಗಿದಷ್ಟೂ ಅಂಕಿ ಇಳಿಯುತ್ತದೆ, ಆದರೆ ಒಟ್ಟು ಭಾರ ಏರಿರುತ್ತದೆ. ಎರಡು, ರೆಸಾರ್ಟು ಕೋಣೆಗಳನ್ನು ಇಮ್ಮಡಿ ಮಾಡಿ ತಲಾ ಅಂಕಿಯನ್ನು ಸ್ವಲ್ಪ ಇಳಿಸಿದರೆ ಫಲಕದ ಮೇಲೆ ಸುಧಾರಣೆ ಕಾಣುತ್ತದೆ. ಊರಿನ ಬಾವಿಗಳಿಗೆ ಮಾತ್ರ ಹೊರೆ ಹೆಚ್ಚಾಗಿರುತ್ತದೆ. ಹಾಗಾಗಿ ಹಾಳೆಯಲ್ಲಿ ಎರಡು ಸಾಲು ಇರಲಿ: ತಲೆಗೆ ಎಷ್ಟು, ಒಟ್ಟು ಎಷ್ಟು.

ಮುಂದಿನದು ಗಡಿ. ಹೋಟೆಲಿನ ಗೇಟಿನೊಳಗೆ ಮಾತ್ರ ಎಣಿಸುವುದು ಈ ಕ್ಷೇತ್ರದ ದೊಡ್ಡ ಚಾಳಿ. ಸೋಲಾರ್ ಫಲಕ, ಬಿದಿರಿನ ಸ್ಟ್ರಾ, ಕಾಗದದ ಚೀಲ ತೋರಿಸಿ 'ಪರಿಸರಸ್ನೇಹಿ' ಎಂದು ಬೋರ್ಡು ಹಾಕಿಕೊಂಡ ತಾಣಕ್ಕೆ ಅತಿಥಿ ವಿಮಾನದಲ್ಲಿ ಬಂದಿಳಿದಿರುತ್ತಾನೆ. ಪ್ರವಾಸಿಯ ಲೆಕ್ಕ ಮನೆಯ ಬಾಗಿಲಿಗೆ ಬೀಗ ಹಾಕಿದಲ್ಲಿಂದ ಶುರುವಾಗಿ ಮತ್ತೆ ಆ ಬೀಗ ತೆಗೆಯುವವರೆಗೆ ನಡೆಯಬೇಕು. ಕಟ್ಟಡದ ಲೆಕ್ಕವಾದರೆ ಇನ್ನೂ ಹಿಂದಕ್ಕೆ ಹೋಗಿ ಅಡಿಪಾಯದಿಂದ ಶುರುವಾಗಿ, ಮುಂದಕ್ಕೆ ಅದನ್ನು ಕೆಡವುವ ದಿನದವರೆಗೆ.

ಇನ್ನೊಂದು ವಿಷಯವನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಳ್ಳಬೇಕು. ಮನೆಯಲ್ಲೇ ಇದ್ದಿದ್ದರೂ ಊಟ ಮಾಡುತ್ತಿದ್ದಿರಿ, ಸ್ನಾನ ಮಾಡುತ್ತಿದ್ದಿರಿ, ಫ್ಯಾನು ತಿರುಗುತ್ತಿತ್ತು. ಭಾರತೀಯರ ಸರಾಸರಿ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆ ವರ್ಷಕ್ಕೆ ಸುಮಾರು 2 ಟನ್, ಅಂದರೆ ದಿನಕ್ಕೆ ಐದೂವರೆ ಕೆ.ಜಿ. ಪ್ರವಾಸದ ನಿಜವಾದ ಹೆಚ್ಚುವರಿ ತಿಳಿಯಲು ಇದನ್ನು ಕಳೆಯಬಹುದು. ನಾನು ಕೆಳಗೆ ಕಳೆದಿಲ್ಲ. ಒಟ್ಟು ಅಂಕಿ ಮೊದಲು ಕಣ್ಣಿಗೆ ಬರಲಿ ಎಂಬುದು ಕಾರಣ.

ದಾರಿಯ ಲೆಕ್ಕ

ಬೆಂಗಳೂರಿನಿಂದ ಗೋಕರ್ಣಕ್ಕೆ ರಸ್ತೆಯಲ್ಲಿ ಸುಮಾರು 480 ಕಿ.ಮೀ. ಹೋಗಿ ಬರುವುದು, ಅಲ್ಲಿ ಓಡಾಡುವುದು ಸೇರಿ 1,000 ಕಿ.ಮೀ. ಎಂದು ಇಟ್ಟುಕೊಳ್ಳೋಣ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ 67 ಲೀಟರ್ ಬೇಕು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕೆ.ಜಿ.ಯಷ್ಟೇ ಇರುವಾಗ ಇದು ಹೇಗೆ ಎಂದು ಅನುಮಾನ ಬರಬಹುದು: ಇಂಧನದ ಇಂಗಾಲ ಗಾಳಿಯ ಆಮ್ಲಜನಕದ ಜೊತೆ ಕೂಡುವುದರಿಂದ ತೂಕ ಏರುತ್ತದೆ. ಒಟ್ಟು 154 ಕೆ.ಜಿ. ಆಯಿತು. ಆದರೆ ಜೀವನಚಕ್ರದ ಲೆಕ್ಕ ಬಂಕಿನಲ್ಲಿ ಶುರುವಾಗುವುದಿಲ್ಲ. ಕಚ್ಚಾತೈಲ ತೆಗೆಯಲು, ಹಡಗಿನಲ್ಲಿ ತರಲು, ಸಂಸ್ಕರಿಸಲು, ಟ್ಯಾಂಕರಿನಲ್ಲಿ ಸಾಗಿಸಲು ಆದ ಹೊರಸೂಸುವಿಕೆಗೆ ಸುಮಾರು ಐದನೇ ಒಂದು ಭಾಗ ಸೇರಿಸಬೇಕು. ಆಗ 185 ಕೆ.ಜಿ. ನಾಲ್ಕು ಮಂದಿಗೆ ಹಂಚಿದರೆ ತಲೆಗೆ 46. ಇಬ್ಬರೇ ಹೋದರೆ 92.

ಬಸ್ಸು ಯಾವಾಗಲೂ ಹಗುರ ಎಂಬ ನಂಬಿಕೆಯನ್ನು ಇಲ್ಲಿ ಸ್ವಲ್ಪ ಪರೀಕ್ಷಿಸಬೇಕು. ಲೀಟರ್ ಡೀಸೆಲಿಗೆ ಸುಮಾರು 2.7 ಕೆ.ಜಿ. 45 ಮಂದಿ ಕೂತ ಸಾಧಾರಣ ಬಸ್ಸು ಲೀಟರಿಗೆ ನಾಲ್ಕೂವರೆ ಕಿ.ಮೀ. ಓಡಿದರೆ, ಮೇಲಿನ ಐದನೇ ಒಂದು ಭಾಗವೂ ಸೇರಿ, ಹೋಗಿ ಬರಲು ತಲೆಗೆ 15 ಕೆ.ಜಿ. 30 ಮಂಚದ ಎ.ಸಿ. ಸ್ಲೀಪರ್ ಲೀಟರಿಗೆ ಮೂರೂವರೆ ಕಿ.ಮೀ. ಓಡುತ್ತದೆ ಎಂದುಕೊಂಡರೆ, ತುಂಬಿದ್ದರೂ ತಲೆಗೆ 30. ಅರ್ಧ ಖಾಲಿ ಓಡಿದರೆ ಸುಮಾರು 60. ಅಂದರೆ ಅರ್ಧ ಖಾಲಿ ಸ್ಲೀಪರಿಗಿಂತ ನಾಲ್ಕು ಮಂದಿ ತುಂಬಿದ ಕಾರೇ ವಾಸಿ. ವಾಹನ ಯಾವುದು ಎನ್ನುವಷ್ಟೇ ಮುಖ್ಯವಾದ ಪ್ರಶ್ನೆ, ಅದರಲ್ಲಿ ಎಷ್ಟು ಜನ ಇದ್ದರು ಎಂಬುದು. ಸೀಟು ಖಾಲಿ ಇದ್ದರೆ ಆ ಖಾಲಿ ಸೀಟಿನ ಪಾಲೂ ಉಳಿದವರ ತಲೆಗೇ ಬರುತ್ತದೆ.

ರೈಲಿನ ವಿಷಯದಲ್ಲಿ ಮಾತ್ರ ಅನುಮಾನವಿಲ್ಲ. ಬೆಂಗಳೂರಿನಿಂದ ಕಾರವಾರಕ್ಕೆ ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಗೋಕರ್ಣ ರೋಡಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಊರಿಗೆ ಹತ್ತು ಕಿ.ಮೀ. ಆಸುಪಾಸು. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟ ಇಳಿದು ಮಂಗಳೂರಿನ ಕಡೆಯಿಂದ ಸುತ್ತಿ ಹೋಗುವುದರಿಂದ ದಾರಿ ರಸ್ತೆಗಿಂತ ಉದ್ದ. ಆದರೂ ಒಂದು ಸ್ಲೀಪರ್ ಬೋಗಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ, ಅಂಥ ಬೋಗಿಗಳ ಸಾಲೇ ಒಂದು ಎಂಜಿನ್ನಿಗೆ. ಹೋಗಿ ಬರಲು ತಲೆಗೆ ಸುಮಾರು 15 ಕೆ.ಜಿ. ಎಂದು ಹಿಡಿಯಬಹುದು. ಎ.ಸಿ. ಮೊದಲ ದರ್ಜೆಯಲ್ಲಿ ಅದೇ ಉದ್ದದ ಬೋಗಿಗೆ ಜನ ತುಂಬ ಕಡಿಮೆ, ತಲಾ ಪಾಲು ಅಷ್ಟು ಹೆಚ್ಚು.

ವಿಮಾನದಲ್ಲಿ ಗೋವಾಕ್ಕೆ ಹಾರಿ ಅಲ್ಲಿಂದ ಟ್ಯಾಕ್ಸಿಯಲ್ಲಿ ಬರುವವರೂ ಇದ್ದಾರೆ. ಒಂದು ಕೆ.ಜಿ. ವಿಮಾನ ಇಂಧನಕ್ಕೆ 3.16 ಕೆ.ಜಿ. ಇಂಗಾಲದ ಡೈಆಕ್ಸೈಡ್. ಹಾರಾಟ ಚಿಕ್ಕದಾದಷ್ಟೂ ಮೇಲೇರುವಾಗ ಉರಿಯುವ ಇಂಧನದ ಪಾಲು ಹೆಚ್ಚು. ಎರಡೂ ಕಡೆಯ ಹಾರಾಟ, ಇಂಧನ ತಯಾರಿ, ಇಬ್ಬರು ಹಂಚಿಕೊಂಡ ಟ್ಯಾಕ್ಸಿ ಸೇರಿದರೆ ತಲೆಗೆ 150 ಕೆ.ಜಿ. ಆಸುಪಾಸಿಗೆ ಬರುತ್ತದೆ. ವಿಮಾನದ ಹಿಂದೆ ಎಳೆಯುವ ಬಿಳಿ ಮೋಡದ ಗೆರೆ, ನೈಟ್ರೋಜನ್ ಆಕ್ಸೈಡುಗಳು ಬಿಸಿ ಏರಿಸುವುದು ಇದಕ್ಕೆ ಹೊರತು.

ಎಲೆಕ್ಟ್ರಿಕ್ ಕಾರು? ಯೂನಿಟ್ಟಿಗೆ 7 ಕಿ.ಮೀ. ಎಂದರೆ 143 ಯೂನಿಟ್. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಒಟ್ಟು 100, ನಾಲ್ಕು ಮಂದಿಗೆ ತಲಾ 25. ಪೆಟ್ರೋಲಿಗಿಂತ ಹಗುರ, ರೈಲಿಗಿಂತ ಭಾರ. ಬ್ಯಾಟರಿ ತಯಾರಿಯ ಪಾಲು ಬೇರೆ. ವಾಹನ ತಯಾರಿಯನ್ನು ನಾನು ಇಲ್ಲಿ ಯಾವುದಕ್ಕೂ ಸೇರಿಸಿಲ್ಲ. ಸೇರಿಸುವುದಾದರೆ ಎಲ್ಲದಕ್ಕೂ ಸೇರಿಸಬೇಕು, ಒಂದಕ್ಕೆ ಸೇರಿಸಿ ಇನ್ನೊಂದಕ್ಕೆ ಬಿಟ್ಟರೆ ಹೋಲಿಕೆಗೆ ಅರ್ಥವಿಲ್ಲ.

ರಸ್ತೆಯೂ ಈ ಲೆಕ್ಕದೊಳಗೆ ಬರಬೇಕಾದದ್ದೇ. ಆದರೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮೀನಿನ ಲಾರಿ, ಆಂಬುಲೆನ್ಸು, ಶಾಲೆಯ ಬಸ್ಸು ಎಲ್ಲವೂ ಓಡುತ್ತವೆ. ಪ್ರವಾಸಿಯ ಪಾಲು ಎಷ್ಟು ಎಂದು ಹಂಚುವುದು ಈ ವಿಧಾನದ ಕಷ್ಟದ ಭಾಗ. ವಾಹನಗಳ ಓಡಾಟದ ಅನುಪಾತದಲ್ಲಿ ಹಂಚುವುದು ರೂಢಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತದ್ದು ಇದೇ ಹೆದ್ದಾರಿಯ ಮೇಲೆ, ಗಂಗಾವಳಿ ನದಿಯ ದಂಡೆಯಲ್ಲಿ. ರಸ್ತೆ ಅಗಲಿಸಲು ಕಡಿದ ಗುಡ್ಡಗಳ ಅಪಾಯವನ್ನು ಕೆ.ಜಿ. ಇಂಗಾಲದಲ್ಲಿ ಬರೆಯಲಾಗದು. ಆದರೂ ಆ ದಾರಿಯಲ್ಲಿ ವೇಗವಾಗಿ ಹೋಗಿ ಬರುವವರ ಲೆಕ್ಕದಲ್ಲಿ ಅದಕ್ಕೊಂದು ಸಾಲು ಇರಲೇಬೇಕು ಎಂದು ನನ್ನ ನಂಬಿಕೆ.

ಕೋಣೆಯ ಲೆಕ್ಕ

ಕೋಣೆಗೆ ಎರಡು ಭಾಗ: ಕಟ್ಟಿದ ಭಾರ, ನಡೆಸುವ ಭಾರ. ಕಟ್ಟಿದ ಭಾರವನ್ನು ಮೇಸ್ತ್ರಿಗಳ ಅಂದಾಜಿನಿಂದಲೇ ಹಿಡಿಯಬಹುದು. ಕಾಂಕ್ರೀಟ್ ಕಟ್ಟಡಕ್ಕೆ ಚದರಡಿಗೆ 0.4 ಚೀಲ ಸಿಮೆಂಟು, ಸುಮಾರು 4 ಕೆ.ಜಿ. ಕಬ್ಬಿಣ. ಬಚ್ಚಲು ಸೇರಿ 300 ಚದರಡಿಯ ಕೋಣೆಗೆ 120 ಚೀಲ ಸಿಮೆಂಟು, 1,200 ಕೆ.ಜಿ. ಕಬ್ಬಿಣ. ಕೆ.ಜಿ. ಸಿಮೆಂಟಿಗೆ ಸುಮಾರು 0.65 ಕೆ.ಜಿ., ಕೆ.ಜಿ. ಉಕ್ಕಿಗೆ ಸುಮಾರು ಎರಡೂವರೆ ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂದರೆ ಎರಡೂ ಸೇರಿ ಹತ್ತಿರ ಹತ್ತಿರ 7 ಟನ್. ಇಟ್ಟಿಗೆ, ಟೈಲ್ಸು, ಗಾಜು ಬೇರೆ.

ಏಳು ಟನ್ ಎಂದಾಗ ಎದೆ ಝಲ್ಲೆನ್ನುತ್ತದೆ. ಆದರೆ ಅದನ್ನು ಎಷ್ಟು ರಾತ್ರಿಗಳಿಗೆ ಹಂಚುತ್ತೇವೆ ಎಂಬುದರಲ್ಲಿ ಎಲ್ಲವೂ ಇದೆ. ಕಟ್ಟಡ 30 ವರ್ಷ ಬಾಳಿ ವರ್ಷದ ಅರ್ಧದಷ್ಟು ರಾತ್ರಿಗಳಲ್ಲಿ ತುಂಬಿದರೆ ರಾತ್ರಿಗೆ 1.3 ಕೆ.ಜಿ. ಮಾತ್ರ. ಗೋಕರ್ಣದಂಥ ಊರಿನಲ್ಲಿ ಮಳೆಗಾಲ ನಾಲ್ಕು ತಿಂಗಳು, ಉಳಿದ ದಿನಗಳಲ್ಲೂ ವಾರಾಂತ್ಯಕ್ಕೇ ನೂಕುನುಗ್ಗಲು. ವರ್ಷಕ್ಕೆ 70 ರಾತ್ರಿ ಮಾತ್ರ ತುಂಬುವ ಕೋಣೆಗೆ ಅದು 3.3 ಕೆ.ಜಿ. ಆಗುತ್ತದೆ. ಹದಿನೈದೇ ವರ್ಷಕ್ಕೆ ಕೆಡವಿ ಹೊಸ ವಿನ್ಯಾಸದಲ್ಲಿ ಕಟ್ಟಿದರೆ ಅದರ ಎರಡರಷ್ಟು. ಕಡಲ ದಂಡೆಯಲ್ಲಿ ಕಟ್ಟಡದ ಆಯಸ್ಸು ತಾನಾಗಿಯೂ ಕಡಿಮೆ: ಉಪ್ಪುಗಾಳಿ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟು ಸಿಡಿಯುತ್ತದೆ.

ಕರಾವಳಿಯ ಹಳೆಯ ಮನೆಗಳು ಇಲ್ಲಿ ಪಾಠ ಹೇಳುತ್ತವೆ. ನೆಲದಿಂದ ಕತ್ತರಿಸಿ ತೆಗೆದ ಕೆಂಪುಕಲ್ಲನ್ನು ಸುಡುವ ಕೆಲಸವಿಲ್ಲ. ಹೆಂಚನ್ನು ಸುಟ್ಟಿರುತ್ತಾರಾದರೂ ಮನೆ ಕೆಡವಿದಾಗ ಕಲ್ಲು, ಹೆಂಚು, ಮರ ಮೂರೂ ಇನ್ನೊಂದು ಮನೆಗೆ ಹೋಗುತ್ತವೆ. ಕಾಂಕ್ರೀಟಿನ ಅವಶೇಷ ಹೋಗುವುದು ಹೆಚ್ಚಾಗಿ ತಗ್ಗುಭೂಮಿ ತುಂಬಲು. ಹಳೆಯ ಮನೆಯೊಂದನ್ನು ರಿಪೇರಿ ಮಾಡಿ ನಾಲ್ಕು ಕೋಣೆಯ ಹೋಂಸ್ಟೇ ಮಾಡಿದವರ ಹಾಳೆಯಲ್ಲಿ ಕಟ್ಟಿದ ಭಾರ ಬಹುಪಾಲು ಸೊನ್ನೆಯ ಹತ್ತಿರ ಇರುತ್ತದೆ. ಹುಡುಕಿ ಅಂಥಲ್ಲಿ ತಂಗುವುದು ನನ್ನ ಮೊದಲ ಆಯ್ಕೆ.

ನಡೆಸುವ ಭಾರಕ್ಕೆ ಕರೆಂಟ್ ಬಿಲ್ಲು ಸಾಕು. ಒಂದೂವರೆ ಟನ್ ಎ.ಸಿ., ಗೀಸರ್, ದೀಪ ಸೇರಿ ರಾತ್ರಿಗೆ 10 ಯೂನಿಟ್ ಎಂದರೆ 7 ಕೆ.ಜಿ.; ಇಬ್ಬರಿದ್ದರೆ ತಲೆಗೆ ಮೂರೂವರೆ. ಯಾರೂ ಕೇಳದ ಒಂದು ಸಾಲು ಇಲ್ಲಿದೆ: ಎ.ಸಿ.ಯೊಳಗಿನ ಅನಿಲ. ಆರ್-410ಎ ಎಂಬ ಅನಿಲ ಒಂದು ಕೆ.ಜಿ. ಸೋರಿದರೆ 2 ಟನ್ನಿಗೂ ಮಿಕ್ಕಿದ ಇಂಗಾಲದ ಡೈಆಕ್ಸೈಡಿಗೆ ಸಮ. ಆರ್-32 ಆದರೆ 675 ಕೆ.ಜಿ.ಗೆ. ಆರ್-290, ಅಂದರೆ ಪ್ರೊಪೇನ್, ಬಳಸುವ ಯಂತ್ರಗಳಲ್ಲಿ ಇದು ಲೆಕ್ಕಕ್ಕೇ ಬಾರದಷ್ಟು ಕಡಿಮೆ. ಉಪ್ಪುಗಾಳಿಗೆ ಹೊರಘಟಕದ ಕೊಳವೆ ಬೇಗ ಸವೆದು ಅನಿಲ ಸೋರುವುದು ಕಡಲೂರುಗಳಲ್ಲಿ ಸಾಮಾನ್ಯ. 'ಗ್ಯಾಸ್ ತುಂಬಿಸಿದೆವು' ಎಂಬ ಪ್ರತಿಯೊಂದು ರಸೀತಿಯೂ ಅಷ್ಟು ಅನಿಲ ಗಾಳಿಗೆ ಹೋದದ್ದರ ದಾಖಲೆ. ಹೋಂಸ್ಟೇ ನಡೆಸುವವರು ಆ ರಸೀತಿಗಳನ್ನು ಎಸೆಯದೆ ಇಟ್ಟುಕೊಂಡರೆ ಅದೇ ಅವರ ಅಂಕಿ.

ಊಟ, ದೋಣಿ, ಬುಕಿಂಗ್

ಆನ್‌ಲೈನ್ ಬುಕಿಂಗಿನ ಭಾರ ಗ್ರಾಂಗಳಲ್ಲಿ, ಬಿಟ್ಟುಬಿಡಬಹುದು. ದೋಣಿಯಲ್ಲಿ ಓಂ ಬೀಚಿನಿಂದ ಹಾಫ್ ಮೂನ್, ಪ್ಯಾರಡೈಸ್ ಕಡೆಗೆ ಹೋಗಿ ಬಂದರೆ ಉರಿದ ಪೆಟ್ರೋಲನ್ನು ಕೂತವರಿಗೆ ಹಂಚಿ ತಲೆಗೆ ಎರಡು ಮೂರು ಕೆ.ಜಿ. ಎಂದು ಬರೆದುಕೊಳ್ಳಿ. ಗುಡ್ಡದ ಮೇಲಿನ ಕಾಲುದಾರಿಯಲ್ಲಿ ನಡೆದರೆ ಅದೂ ಇಲ್ಲ.

ಊಟಕ್ಕೆ ದಿನಕ್ಕೆ ಮೂರು ಕೆ.ಜಿ. ಎಂದು ನಾನು ಹಿಡಿದಿದ್ದೇನೆ, ತಟ್ಟೆಯ ಮೇಲೆ ಏನಿದೆ ಎಂಬುದರಿಂದ ಅದು ಏರಿಳಿಯುತ್ತದೆ. ದಂಡೆಯ ಹತ್ತಿರ ಸಿಗುವ ಬಂಗಡೆ, ತಾರ್ಲೆಗೆ ಇಂಧನ ಕಡಿಮೆ. ತಳ ಗೋರುವ ಟ್ರಾಲರಿನಲ್ಲಿ ಹಿಡಿದ ಸೀಗಡಿಗೆ ಹೆಚ್ಚು. ಚೀಸ್ ಸುರಿದ ಪಿಜ್ಜಾ ಕೆಫೆಯ ಪಟ್ಟಿಯಲ್ಲಿ ತೀರ ಭಾರದ ತಿನಿಸುಗಳಲ್ಲೊಂದು, ಏಕೆಂದರೆ ಒಂದು ಕೆ.ಜಿ. ಚೀಸಿಗೆ ಹತ್ತು ಲೀಟರಿನಷ್ಟು ಹಾಲು ಬೇಕು. ಹಾಲಕ್ಕಿ ಸಮುದಾಯದ ಹೆಂಗಸರು ತಂದು ಮಾರುವ ತರಕಾರಿ, ಕುಮಟಾದ ಸಿಹಿ ಈರುಳ್ಳಿ, ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಡೆದುಕೊಂಡು ಬೆಳೆಯುವ ಕಗ್ಗ ಅಕ್ಕಿ ಇರುವ ಊಟ ಸಿಕ್ಕರೆ ದುಡ್ಡೂ ಅಲ್ಲಿಯವರ ಕೈಗೇ ಹೋಗುತ್ತದೆ.

ಈಗ ಕೂಡೋಣ. ತಲೆಗೆ: ಕಾರು 46, ಕರೆಂಟು 7, ಕಟ್ಟಡದ ಪಾಲು 2, ಊಟ 9, ದೋಣಿ 3. ಒಟ್ಟು 67 ಕೆ.ಜಿ. ಮನೆಯಲ್ಲಿದ್ದಿದ್ದರೆ ಹನ್ನೆರಡು ದಿನಕ್ಕೆ ಆಗುತ್ತಿದ್ದದ್ದು ಮೂರು ದಿನಕ್ಕೆ ಆಗಿದೆ. ಅದರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ದಾರಿಯದು. ಎ.ಸಿ. ಆರಿಸಿ ಉಳಿಸುವ ಐದಾರು ಕೆ.ಜಿ.ಗಿಂತ ರೈಲು ಹತ್ತಿ ಉಳಿಸುವ ಮೂವತ್ತು ಕೆ.ಜಿ. ದೊಡ್ಡದು. ವರ್ಷಕ್ಕೆ ಮೂರು ಸಲ ಎರಡೆರಡು ರಾತ್ರಿ ಓಡಿಹೋಗುವವರು ಒಂದೇ ಸಲ ಆರು ರಾತ್ರಿ ಇದ್ದುಬಂದರೆ ದಾರಿಯ ಭಾರ 138ರಿಂದ 46ಕ್ಕೆ ಇಳಿಯುತ್ತದೆ. ಎಲ್ಲಿ ಕೈಹಾಕಿದರೆ ಹೆಚ್ಚು ಫಲ ಎಂದು ತೋರಿಸುವುದೇ ಈ ಲೆಕ್ಕದ ಪ್ರಯೋಜನ.

ಕೆ.ಜಿ.ಯಲ್ಲಿ ಹಿಡಿಯಲಾಗದ್ದು

ಇಲ್ಲಿಗೆ ನಿಲ್ಲಿಸಿದರೆ ಗೋಕರ್ಣಕ್ಕೆ ಅನ್ಯಾಯವಾಗುತ್ತದೆ. ಇಂಗಾಲ ಎಲ್ಲಿ ಬಿಟ್ಟರೂ ಭೂಮಿಗೆಲ್ಲ ಹಂಚಿಹೋಗುತ್ತದೆ. ನೀರು ಹಾಗಲ್ಲ. ಅದನ್ನು ಎತ್ತಿದ್ದು ಒಂದು ಊರಿನ ನೆಲದಿಂದ, ಕೊಳೆ ಮಾಡಿ ಬಿಟ್ಟದ್ದೂ ಅದೇ ನೆಲಕ್ಕೆ.

ನಮ್ಮ ಕಟ್ಟಡ ಮಾನದಂಡಗಳು ಸಾಧಾರಣ ಹೋಟೆಲಿನ ಒಂದು ಹಾಸಿಗೆಗೆ ದಿನಕ್ಕೆ 180 ಲೀಟರ್ ನೀರು ಹಿಡಿಯುತ್ತವೆ. ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ಇಟ್ಟುಕೊಂಡ ಗುರಿ 55 ಲೀಟರ್. ಇಪ್ಪತ್ತು ಕೋಣೆ, ನಲವತ್ತು ಹಾಸಿಗೆಯ ಒಂದು ರೆಸಾರ್ಟಿಗೆ 7,200 ಲೀಟರ್; ಐದು ಮಂದಿಯ ಇಪ್ಪತ್ತಾರು ಮನೆಗಳಿಗೆ ಆಗುವಷ್ಟು. ಈಜುಕೊಳ, ಹುಲ್ಲುಹಾಸು ಸೇರಿಸಿಲ್ಲ. ಮಳೆ ಧೋ ಎಂದು ಸುರಿಯುವ ಸೀಮೆ ಇದು, ಆದರೆ ತೂತುತೂತಾದ ಕೆಂಪುಕಲ್ಲಿನ ನೆಲ ನೀರನ್ನು ಬೇಗ ಬಿಟ್ಟುಕೊಡುತ್ತದೆ. ಏಪ್ರಿಲ್, ಮೇ ಹೊತ್ತಿಗೆ ಬಾವಿಗಳ ತಳ ಕಾಣುತ್ತದೆ, ರಜೆಯ ಜನ ಬರುವುದೂ ಆಗಲೇ.

ಕಡಲ ದಂಡೆಯಲ್ಲಿ ಇನ್ನೊಂದು ಅಪಾಯವಿದೆ. ನೆಲದೊಳಗೆ ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲಿಕೊಂಡಿರುತ್ತದೆ. ಗೈಬೆನ್ ಮತ್ತು ಹರ್ಜ್‌ಬರ್ಗ್ ಹೆಸರಿನ ಸೂತ್ರದ ಪ್ರಕಾರ ಸಮುದ್ರಮಟ್ಟಕ್ಕಿಂತ ಮೇಲೆ ಒಂದು ಮೀಟರ್ ಸಿಹಿನೀರಿದ್ದರೆ ಕೆಳಗೆ ಸುಮಾರು ನಲವತ್ತು ಮೀಟರಿನಷ್ಟು ಇರುತ್ತದೆ. ಪಂಪು ಹಾಕಿ ಮೇಲಿನ ಮಟ್ಟವನ್ನು ಒಂದು ಮೀಟರ್ ಇಳಿಸಿದರೆ ಕಾಲಕ್ರಮದಲ್ಲಿ ಉಪ್ಪುನೀರು ಕೆಳಗಿನಿಂದ ಅಷ್ಟೇ ನಲವತ್ತು ಮೀಟರ್ ಏರಿ ಬರುವ ಸಾಧ್ಯತೆ ಇದೆ. ನೆಲದ ಪದರಗಳಿಗೆ ತಕ್ಕಂತೆ ಇದು ಹೆಚ್ಚುಕಡಿಮೆಯಾದೀತು, ದಿಕ್ಕು ಮಾತ್ರ ಇದೇ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ವರ್ಷಗಳೇ ಬೇಕು.

ಕೊಳೆನೀರಿನ ಕಥೆಯೂ ಆ ತೂತುಕಲ್ಲಿನದೇ. ಇಂಗುಗುಂಡಿ ಬಾವಿಯಿಂದ ಕನಿಷ್ಠ 15 ಮೀಟರ್ ದೂರ ಇರಬೇಕು ಎನ್ನುತ್ತಾರೆ. ಕೆಂಪುಕಲ್ಲಿನ ಸಂದಿಗಳಲ್ಲಿ ಕೊಳೆ ಅದಕ್ಕಿಂತ ದೂರ ಹರಿಯಬಲ್ಲದು. ವರ್ಷದ ಸರಾಸರಿ ಇಲ್ಲಿ ದಾರಿ ತಪ್ಪಿಸುತ್ತದೆ. ನಲವತ್ತು ಹಾಸಿಗೆಗೆ ಕಟ್ಟಿದ ಗುಂಡಿಗೆ ಶಿವರಾತ್ರಿಯ ತೇರಿನಲ್ಲಿ, ಹೊಸ ವರ್ಷದ ರಾತ್ರಿ ಎಂಬತ್ತು ಮಂದಿಯ ನೀರು ಬಂದರೆ ಅದು ಉಕ್ಕಿ ಹರಿಯುವುದು ಆ ಒಂದೆರಡು ದಿನ, ಬಾವಿ ಕೆಡಲು ಅಷ್ಟು ಸಾಕು. ಆದ್ದರಿಂದ ನೀರು ಮತ್ತು ಕೊಳೆಯನ್ನು ಅತಿ ಹೆಚ್ಚು ಜನ ಇದ್ದ ದಿನದ ಅಂಕಿಯಿಂದ ಅಳೆಯಬೇಕು.

ಗೋಕರ್ಣದ ದಕ್ಷಿಣಕ್ಕೆ ತದಡಿಯಲ್ಲಿ ಅಘನಾಶಿನಿ ಕಡಲು ಸೇರುತ್ತದೆ. ಅಣೆಕಟ್ಟಿಲ್ಲದೆ ಹರಿದುಬರುವ ಈ ನದಿಯ 4,801 ಹೆಕ್ಟೇರ್ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿ ಬಳಚು ಹೆಕ್ಕಿ ಬದುಕುವ ಕುಟುಂಬಗಳಿವೆ. ಬಳಚು ನೀರನ್ನು ಸೋಸಿ ತಿನ್ನುವ ಚಿಪ್ಪುಜೀವಿ, ನೀರಿನಲ್ಲಿ ಕೊಳೆಯ ಸೂಕ್ಷ್ಮಾಣು ಇದ್ದರೆ ಅದರ ಮೈಯಲ್ಲಿ ಶೇಖರವಾಗುತ್ತದೆ. ಶೌಚದ ನೀರು ತೋಡಿಗೆ ಬಿಟ್ಟರೆ ಅದರ ಬೆಲೆ ತೆರುವವರು ಪ್ರವಾಸಿಯೂ ಅಲ್ಲ, ರೆಸಾರ್ಟಿನವರೂ ಅಲ್ಲ.

ಚಳಿಗಾಲದಲ್ಲಿ ಉತ್ತರ ಕನ್ನಡದ ಮರಳಿಗೆ ಮೊಟ್ಟೆ ಇಡಲು ಬರುವ ಆಲಿವ್ ರಿಡ್ಲಿ ಕಡಲಾಮೆಗಳನ್ನೂ ಹಾಳೆಯಲ್ಲಿ ಬರೆಯಿರಿ. ಮೊಟ್ಟೆಯೊಡೆದ ಮರಿಗಳು ಬೆಳಕಿರುವ ಕಡೆಗೆ ತೆವಳುತ್ತವೆ. ಕಡಲ ಹೊಳಪಿಗಿಂತ ಶ್ಯಾಕಿನ ಲೈಟು ಜೋರಾಗಿದ್ದರೆ ಅವು ತಪ್ಪು ದಿಕ್ಕು ಹಿಡಿದು ಸಾಯುತ್ತವೆ. ಜೀವನಚಕ್ರದ ಸಾಮಾನ್ಯ ಕೋಷ್ಟಕಗಳಲ್ಲಿ ಇದಕ್ಕೆ ಜಾಗವಿಲ್ಲ. ಬೆಳಕು, ಸದ್ದು, ತುಳಿತ ಇವನ್ನು ಅಂಕಿಯಿಲ್ಲದೆ, ಇತ್ತು ಅಥವಾ ಇರಲಿಲ್ಲ ಎಂದು ಬರೆದರೂ ಸಾಕು. ಕಾಲಂ ಖಾಲಿ ಬಿಟ್ಟರೆ ಓದುವವರು ಪರಿಣಾಮವೇ ಇಲ್ಲ ಎಂದುಕೊಳ್ಳುತ್ತಾರೆ.

ಯಾರು ಏನು ಕೇಳಬೇಕು

ಕೋಣೆ ಕಾದಿರಿಸುವ ಮೊದಲು ಫೋನಿನಲ್ಲಿ ಮೂರು ಪ್ರಶ್ನೆ ಕೇಳಿ: ನೀರು ಬಾವಿಯದೋ, ಬೋರ್‌ವೆಲ್ಲಿನದೋ, ಟ್ಯಾಂಕರಿನದೋ? ಶೌಚದ ನೀರು ಎಲ್ಲಿಗೆ ಹೋಗುತ್ತದೆ, ಗುಂಡಿ ಕೊನೆಯದಾಗಿ ಯಾವಾಗ ಖಾಲಿ ಮಾಡಿಸಿದ್ದು? ಹಸಿಕಸ ಏನು ಮಾಡುತ್ತೀರಿ? ಸರಿಯಾಗಿ ನಡೆಸುವವರು ಈ ಮೂರಕ್ಕೂ ಥಟ್ಟನೆ ಉತ್ತರ ಹೇಳುತ್ತಾರೆ, ಹೆಮ್ಮೆಯಿಂದಲೂ ಹೇಳುತ್ತಾರೆ. ತಡವರಿಸಿದರೆ ಇನ್ನೊಂದು ಜಾಗ ನೋಡಿ. ಹಸಿಕಸದ ಪ್ರಶ್ನೆ ಏಕೆಂದರೆ, ಗೊಬ್ಬರವಾಗದೆ ಗುಡ್ಡೆಬಿದ್ದು ಕೊಳೆತ ಅನ್ನದಿಂದ ಮೀಥೇನ್ ಹುಟ್ಟುತ್ತದೆ, ಅದು ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಏರಿಸುತ್ತದೆ.

ಹೋಂಸ್ಟೇ ನಡೆಸುವವರಿಗೆ ಒಂದು ನೋಟ್‌ಬುಕ್ ಸಾಕು. ಪ್ರತಿ ಒಂದನೇ ತಾರೀಕು ಕರೆಂಟ್ ಮೀಟರಿನ ಓದು, ಪಂಪಿಗೆ ಹಾಕಿಸಿದ ನೀರಿನ ಮೀಟರಿನ ಓದು, ಮುಗಿದ 19 ಕೆ.ಜಿ. ಸಿಲಿಂಡರುಗಳ ಸಂಖ್ಯೆ, ಆ ತಿಂಗಳು ತಂಗಿದವರ ರಾತ್ರಿಗಳ ಸಂಖ್ಯೆ. ಒಂದು ಸಿಲಿಂಡರಿಗೆ ಸುಮಾರು 57 ಕೆ.ಜಿ. ಇಂಗಾಲದ ಡೈಆಕ್ಸೈಡ್. ಒಂದು ವರ್ಷ ಬರೆದರೆ ಯಾವ ತಿಂಗಳು ಎಲ್ಲಿ ಪೋಲಾಗುತ್ತಿದೆ ಎಂದು ತಾನೇ ತಿಳಿಯುತ್ತದೆ. ಹಾಸಿಗೆಯ ಬಟ್ಟೆ ದಿನವೂ ಬದಲಿಸುವುದು ಬೇಕೇ ಎಂದು ಅತಿಥಿಗಳನ್ನು ಕೇಳಿದರೆ ಆ ವರ್ಷವೇ ನೀರಿನ ಓದು ಇಳಿಯುತ್ತದೆ.

ಪಂಚಾಯತಿಯ ಕೆಲಸ ಇದಕ್ಕಿಂತ ಭಾರದ್ದು. ಒಂದೊಂದು ರೆಸಾರ್ಟಿನ ಅರ್ಜಿಯನ್ನು ಒಂದೊಂದಾಗಿ ನೋಡಿದರೆ ಪ್ರತಿಯೊಂದೂ ಸರಿಯಾಗಿಯೇ ಕಾಣುತ್ತದೆ. ಎಲ್ಲ ಸೇರಿ ಎಷ್ಟು ಹಾಸಿಗೆ, ಎಷ್ಟು ಲೀಟರು ಎಂದು ಕೂಡಿಡುವವರು ಬೇಕು. ಟಿಡಿಎಸ್ ಮೀಟರ್ ಅಗ್ಗದ ಉಪಕರಣ, ಬಾವಿಯ ನೀರಿನಲ್ಲಿ ಅದ್ದಿದರೆ ಕರಗಿದ ಲವಣದ ಪ್ರಮಾಣ ತೋರಿಸುತ್ತದೆ. ಕುಡಿಯುವ ನೀರಿಗೆ ನಮ್ಮ ಮಾನದಂಡದ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ, ಬೇರೆ ಮೂಲವೇ ಇಲ್ಲದಿದ್ದಾಗ 2,000. ದಂಡೆಗೆ ಹತ್ತಿರದ ಹತ್ತು ಬಾವಿ ಗುರುತಿಸಿ, ಪ್ರತಿ ವರ್ಷ ಮೇ ಕೊನೆಯ ವಾರ ಮಳೆ ಬೀಳುವ ಮೊದಲು ಅಳೆದು, ನೀರಿನ ಮಟ್ಟ ಮತ್ತು ಲವಣದ ಅಂಕಿಯನ್ನು ಪಂಚಾಯತಿ ಕಚೇರಿಯ ಗೋಡೆಗೆ ಅಂಟಿಸಲಿ. ಅಂಕಿ ಹಿಂದಿನ ವರ್ಷಕ್ಕಿಂತ ಏರಿದ್ದರೆ ಕಾರಣ ಗೊತ್ತಾಗುವವರೆಗೆ ಹೊಸ ಕೋಣೆಗೆ, ಹೊಸ ಬೋರ್‌ವೆಲ್ಲಿಗೆ ಅನುಮತಿ ಕೊಡಬಾರದು.